ಅವ್ವನ ಹಣೆ

ಬಚ್ಚಲಲ್ಲಿ ಅಪ್ಪ ಮೈಮೇಲೆ ನೀರು ಹೊಯ್ದುಕೊಳ್ಳುವ ಸಪ್ಪಳ ಇನ್ನೂ ನಿಂತಿರಲಿಲ್ಲ. ಗೌರೀಶ ದೇವರ ಜಗಲಿಯ ಮೇಲಿನ ಮೊಳೆಗೆ ಚಿತ್ರವನ್ನು ತೂಗುಹಾಕಿ, ಹಿಂದೆ ಸರಿದು ನಿಂತ.

"ಹೆಂಗ ಕಾಣತಾಳ ನೋಡು ಅವ್ವ! ಗ್ಲಾಸು, ಫ್ರೇಮು ಎಲ್ಲಾ ಹಾಕಿಸೀನಿ."

ಅನ್ನಪೂರ್ಣಾ ಕೈಚಾಚಿ ಅವ್ವನ ಹಣೆ ಮುಟ್ಟಿದಳು. ಗಾಜು ತಣ್ಣಗಿತ್ತು. ಅದರ ಹಿಂದೆ ವಿಭೂತಿ ನುಣ್ಣಗೆ ಮಿಂಚುತ್ತಿತ್ತು. ಅವಳು ಬರೆದ ಚಿತ್ರದಲ್ಲಿ ಅದು ಹಾಗಿರಲಿಲ್ಲ. ಹಣೆಗೆ ಅವಳು ಬಿಳಿ ಬಣ್ಣ ಹಚ್ಚಿರಲೇ ಇಲ್ಲ. ದಿನಾ ಪೂಜೆಯಾದ ಮೇಲೆ ಅಪ್ಪ ತಾನು ವಿಭೂತಿ ಧರಿಸಿ, ಅದೇ ಒದ್ದೆ ಬೆರಳುಗಳನ್ನು ಚಿತ್ರದ ಹಣೆಯ ಮೇಲೂ ಎಳೆಯುತ್ತಿದ್ದ. ವರ್ಷಗಟ್ಟಲೆ ಪದರಿನ ಮೇಲೆ ಪದರು ಕೂತು, ಅದು ಸುಣ್ಣದ ಗೋಡೆಯ ಹಾಗೆ ಅಲ್ಲಲ್ಲಿ ಬಿರಿದಿತ್ತು.

"ಅಣ್ಣಾ, ನನ್ನ ಚಿತ್ರ ಎಲ್ಲೈತಿ?"

"ಇದ ಅಲ್ಲೇನ? ಅದರದ ಫೋಟೋನ ಪ್ರಿಂಟ್ ಹೊಡಸೀನಿ."

"ನಾ ಬರದಿದ್ದು ಎಲ್ಲೈತಿ?"

ಗೌರೀಶ ಬಚ್ಚಲಿನ ಕಡೆ ನೋಡಿ ದನಿ ತಗ್ಗಿಸಿದ. "ಪುಣೆಕ್ಕ ಹೋತು. ನಿನ್ನೆ ಕೊರಿಯರ್ ಮಾಡಿದೆ."

ರಾಮದುರ್ಗದಲ್ಲಿ ಅವನದು ಇಂಟರ್‌ನೆಟ್ ಅಂಗಡಿ. ಕಲಾವಿದರೇ ತಮ್ಮ ಚಿತ್ರಗಳನ್ನು ಕಡಿಮೆ ಬೆಲೆಗೆ ನೇರವಾಗಿ ಮಾರುವ ಜಾಲತಾಣವೊಂದರಲ್ಲಿ ತಂಗಿಯ ಹೆಸರು ಸೇರಿಸಿದವನೂ ಅವನೇ. ಹತ್ತಿ ಬಿಡಿಸುವ ಹೆಂಗಸರು, ಸುರೇಬಾನದ ಬಸ್ಸಿಗೆ ಕಾಯುವ ಮುದುಕಿ, ಎಲ್ಲ ಚಿತ್ರಗಳೂ ಮಾರಿಹೋಗಿದ್ದವು. ಕಾಣದ ಊರಿನ ಗೋಡೆಗಳ ಮೇಲೆ ತನ್ನ ಕೈಕೆಲಸ ಇದೆಯೆಂದು ಅವಳು ಒಳಗೊಳಗೇ ಹಿಗ್ಗಿದ್ದಳು. ಅವ್ವನ ಚಿತ್ರದ ಫೋಟೋ ತೆಗೆಯುವಾಗ ಮಾತ್ರ, "ಇದನ್ನ ಮಾರೂದಲ್ಲ, ಬರೇ ಮಂದಿ ನೋಡ್ಲಿ" ಎಂದಿದ್ದಳು. ಅವನು ಹೂಂಗುಟ್ಟಿದ್ದ. ಹೋದ ವಾರ, ಹುಳ ಹತ್ತೀತು, ಗ್ಲಾಸ್ ಹಾಕಿಸಿಕೊಂಡು ಬರುತ್ತೇನೆ ಎಂದಾಗ ಅವಳೇ ಅದನ್ನು ಇಳಿಸಿ, ಅವ್ವನ ಹಳೆಯ ಸೀರೆಯಲ್ಲಿ ಸುತ್ತಿ ಕೊಟ್ಟಿದ್ದಳು.

"ಕೊಂಡವರು ಒರಿಜಿನಲ್‌ನ ಬೇಕಂದ್ರು, ಪೂರ್ಣಿ. ಹಣಿಮ್ಯಾಲಿನ ಬಿಳಿ ಕೆಲಸ ಭಾಳ ಹಿಡಿಸೇತಂತ. ಅದನ್ನ ಯಾವ ಬಣ್ಣದಾಗ ಮಾಡ್ಯಾಳ ನಿಮ್ಮ ತಂಗಿ ಅಂತ ಕೇಳ್ಯಾರ!"

ಅವಳು ಗಾಜಿನ ಮೇಲಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.

"ಇನ್ನೊಂದ ಬರಿ. ನಿನ್ನ ಕೈನೂ ಕೊರಿಯರ್ ಮಾಡೀನೇನು?"

ಅವ್ವ ಯಾವತ್ತೂ ಕ್ಯಾಮೆರಾಕ್ಕೆ ಮುಖ ಕೊಟ್ಟವಳಲ್ಲ. ಮದುವೆಯ ಫೋಟೋದಲ್ಲೂ ಕಾಣುವುದು ಅವಳ ಸೆರಗೇ. ಅವಳು ತೀರಿಕೊಂಡ ವರ್ಷ ಅನ್ನಪೂರ್ಣಾ ಶಾಲೆ ಬಿಟ್ಟು ಒಲೆಯ ಮುಂದೆ ಕೂತಳು. ಮುಖ ಮರೆಯುವ ಮೊದಲೇ ಅದನ್ನು ಬರೆದಿಟ್ಟಳು. ಈಗ ಕಣ್ಣು ಮುಚ್ಚಿದಳು. ಅವ್ವ ಬರಲಿಲ್ಲ. ಬಂದದ್ದು ಆ ಚಿತ್ರವೇ.

"ಏ ಗೌರ್ಯಾ, ಬಂದ್ಯಾ?" ಬಚ್ಚಲಿನಿಂದ ಅಪ್ಪ ಕೂಗಿದ. "ನಿನ್ನ ಕಂಪ್ಯೂಟರಿಗೆ ಬೆನ್ನ ತಿಕ್ಕಾಕ ಬರತೈತೇನ ಕೇಳು!"

ಗೌರೀಶ ಜೋರಾಗಿ ನಕ್ಕ. ನಗುತ್ತಲೇ ತಂಗಿಯ ಕಡೆ ತಿರುಗಿ, ಬಾಯಿಯ ಮೇಲೆ ಬೆರಳಿಟ್ಟ.

ಅಪ್ಪ ಗಂಗಯ್ಯ ಒದ್ದೆ ಪಂಚೆಯಲ್ಲೇ ಬಂದು, ಪೊರೆ ಬಂದ ಕಣ್ಣು ಕಿರಿದುಮಾಡಿ ಗೋಡೆ ನೋಡಿದ. "ಬಂದಳಲ್ಲ ನಿಮ್ಮವ್ವ! ವಾರದಿಂದ ಬರೇ ಗ್ವಾಡಿಗೆ ಕೈ ಮುಗಿಯಾಕ ಹತ್ತಿದ್ದೆ."

ಪೂಜೆ ಮುಗಿಸಿದ. ತನ್ನ ಹಣೆಗೆ ಮೂರು ಬೆರಳು ಎಳೆದುಕೊಂಡು, ಚಿತ್ರದ ಮೇಲೂ ಎಳೆದ. ಬೂದಿಯ ನೀರು ನಿಲ್ಲದೆ ಜಾರಿತು. ಮತ್ತೆ ಎಳೆದ. ಬೆರಳುಗಳನ್ನು ಒಂದಕ್ಕೊಂದು ತಿಕ್ಕಿ ನೋಡಿದ.

"ಪೂರ್ಣಿ, ಯಾಕ ಹತ್ತವಲ್ಲದು?"

ಅವಳು ಅಣ್ಣನನ್ನೇ ನೋಡಿದಳು.

"ಹೊಸಾದೈತ್ರಿ ಅಪ್ಪಾ," ಎಂದ ಗೌರೀಶ. "ಒಣಗಿದ ಮ್ಯಾಲೆ ಹತ್ತತೈತಿ."

"ಹೌದ?" ಎಂದು ಗಂಗಯ್ಯ ಗಾಜಿಗೆ ಮುಖ ತಂದು ಮೆಲ್ಲಗೆ ಊದತೊಡಗಿದ. ಅವನ ಉಸಿರಿಗೆ ಗಾಜು ಮಂಜಾಯಿತು.