ಅಚ್ಚಿಗೆ ಹರಳೆಣ್ಣೆ

ಹೋದ ವರ್ಷ ಹುಣಸೂರಿನಲ್ಲಿ ಶಾಲಾ ಮಕ್ಕಳ ಮರದ ಕಾರುಗಳ ಸ್ಪರ್ಧೆ ನಡೆಯಿತು. ನಾನೂ ಮಗಳು ಅನುವೂ ಸೇರಿ ಮಾಡಿದ ಕಾರು ಇಳಿಜಾರು ಹಲಗೆಯ ಅರ್ಧಕ್ಕೇ ನಿಂತುಬಿಟ್ಟಿತು. ಸಾಮಿಲ್ ಕನಕರಾಜು ಎಲ್ಲರೆದುರು ನನ್ನನ್ನು ನೋಡಿ ನಕ್ಕ.

"ಇದು ಕಾರು ಕಣಮ್ಮ, ನಿಮ್ಮಪ್ಪನ ಎತ್ತಿನ ಗಾಡಿ ಅಲ್ಲ."

ಅನು ಒಂದು ವಾರ ಶಾಲೆಗೆ ಹೋಗಲಿಲ್ಲ. ಆ ಮಾತನ್ನು ನಾನು ಮರೆಯಲಿಲ್ಲ.

ನಮ್ಮಪ್ಪ ಚಾಮಯ್ಯ ಗುರುಪುರದಲ್ಲಿ ಗಾಡಿ ಮಾಡುತ್ತಿದ್ದ ಬಡಗಿ. ಈ ವರ್ಷ ಸ್ಪರ್ಧೆಯ ಹಿಂದಿನ ದಿನ ಕನಕರಾಜು ತನ್ನ ಮಗನ ಕಾರು ಹಿಡಿದು ನಮ್ಮ ಬಾಗಿಲಿಗೇ ಬಂದ. ಚಕ್ರ ಕಿರುಗುಟ್ಟುತ್ತಿತ್ತು.

"ನಿಮ್ಮಪ್ಪ ಗಾಡಿ ಅಚ್ಚಿಗೆ ಏನ್ ಬುಡ್ತಿದ್ರಮ್ಮ?"

"ಹರಳೆಣ್ಣೆ ಕಣಣ್ಣ. ಧಾರಾಳವಾಗಿ ಬುಡೋರು."

ಸುಳ್ಳಲ್ಲ. ಆದರೆ ಅಂಗೈಯಗಲದ ಕಾರಿಗೆ ಆ ಎಣ್ಣೆ ಬರೀ ಅಂಟು. ಹೋದ ವರ್ಷ ನಮ್ಮ ಕಾರು ನಿಂತದ್ದೇ ಅದರಿಂದ. ಈ ಸಲ ನಾವು ಪೆನ್ಸಿಲ್ ಕಡ್ಡಿಯ ಪುಡಿ ಉದುರಿಸಿದ್ದೆವು.

ಮರುದಿನ ಅನುವಿನ ಕಾರು ಎಲ್ಲರಿಗಿಂತ ಮೊದಲು ಗೆರೆ ಮುಟ್ಟಿತು. ಕನಕರಾಜುವಿನ ಮಗನದು ಹಲಗೆಯ ಅರ್ಧಕ್ಕೇ ಕಚ್ಚಿಕೊಂಡಿತು.

"ನೀನೇ ಅಲ್ವೇನಮ್ಮ ಹರಳೆಣ್ಣೆ ಅಂದಿದ್ದು?" ಎಂದ ಕನಕರಾಜು.

"ನೀವು ಕೇಳಿದ್ದು ನಮ್ಮಪ್ಪನ ಎತ್ತಿನ ಗಾಡಿಗೆ," ಎಂದೆ, ಎಲ್ಲರಿಗೂ ಕೇಳುವ ಹಾಗೆ. "ಇದು ಕಾರು ಕಣಣ್ಣ."