ಠುಸ್ ಅಂದ ತೋಟಾ

ಸಾಮ್ರಾಜ್ಯಗಳ ಏಳುಬೀಳಿಗೆ ಕಾರಣ ಹುಡುಕುವ ಪಂಡಿತರು ಹೊಲಿಗೆಯಂತ್ರದ ಎಣ್ಣೆಯನ್ನು ಈವರೆಗೆ ಗಂಭೀರವಾಗಿ ಪರಿಗಣಿಸಿಲ್ಲ. ಪರಿಗಣಿಸಬೇಕು. ಇಬ್ಬರು ಬೀಗರ ನಡುವಿನ ಯುದ್ಧವೊಂದು ಅದರ ಒಂದು ಹನಿಯಿಂದ ತೀರ್ಮಾನವಾಯಿತು.

ಗಂಡಿನ ತಂದೆ ಹೊಲಿಗೆಯಂತ್ರ ರಿಪೇರಿ ಮಾಡುವವರು. ಲೋಕದ ಯಾವ ಕಷ್ಟಕ್ಕೂ ಅವರ ಬಳಿ ಒಂದೇ ಮದ್ದು: ಉದ್ದ ಮೂತಿಯ ಡಬ್ಬಿಯಿಂದ ಒಂದು ಹನಿ. ಬಾಗಿಲು ಕಿರುಗುಟ್ಟಲಿ, ಕತ್ತರಿ ಮುನಿಯಲಿ, ಹನಿ ಬಿದ್ದೇ ತೀರುತ್ತಿತ್ತು. ಅವರ ಹೆಂಡತಿ ಮೊಣಕಾಲು ನೋವೆಂದು ಹೇಳುವುದನ್ನೇ ಬಿಟ್ಟಿದ್ದರು. ಹೆಣ್ಣಿನ ತಂದೆ ಹಲ್ಲಿನ ಡಾಕ್ಟರು. ಎದುರಿಗಿದ್ದವರು ಆಕಳಿಸಿದರೂ ಬಗ್ಗಿ ನೋಡುವವರು. ಇಬ್ಬರೂ ಒಂದೇ ರೈಫಲ್ ಕ್ಲಬ್ಬಿನ ಸದಸ್ಯರು. ಮದುವೆ ಮನೆಯಲ್ಲಿ ಶುರುವಾದ ಮರ್ಯಾದೆ ಇನ್ನೂ ಇಳಿದಿರಲಿಲ್ಲವಾದ್ದರಿಂದ ಜಗಳವನ್ನೂ ಬಹುವಚನದಲ್ಲೇ ಆಡುತ್ತಿದ್ದರು.

ನಡುವೆ ಸಿಕ್ಕಿದವಳು ಒಬ್ಬಳು: ಇವರಿಗೆ ಸೊಸೆ, ಅವರಿಗೆ ಮಗಳು, ಕ್ಲಬ್ಬಿಗೆ ಸುರಕ್ಷತಾಧಿಕಾರಿ. ಗೋಡೆಯ ಫಲಕದಲ್ಲಿ ‘ಅಸಹಜ ಶಬ್ದ ಕೇಳಿಬಂದಲ್ಲಿ ಗುಂಡು ಹಾರಿಸುವುದನ್ನು ಸ್ಥಗಿತಗೊಳಿಸತಕ್ಕದ್ದು’ ಎಂದಿತ್ತು. ಆ ಕನ್ನಡಕ್ಕೆ ಹೆದರಿ ಯಾರೂ ಅದನ್ನು ಪೂರ್ತಿ ಓದಿರಲಿಲ್ಲ.

ವಾರ್ಷಿಕ ಸ್ಪರ್ಧೆಯ ದಿನ ಡಾಕ್ಟರು ತಮ್ಮ ಸರದಿ ಮುಗಿಸಿ ಗೆರೆಯ ಹಿಂದೆ ನಿಂತಿದ್ದರು. ಹೊಲಿಗೆಯಂತ್ರದ ಬೀಗರಿಗೆ ಎರಡು ಗುಂಡು ಬಾಕಿ. ಎರಡೂ ನೆಟ್ಟಗೆ ಬಿದ್ದರೆ ಬಹುಮಾನದ ಕಪ್ಪು ಅವರದು. ಉಸಿರು ಹಿಡಿದು ರೈಫಲ್ಲಿನ ಕುದುರೆ ಎಳೆದರು.

“ಠುಸ್ ಅಂತಲ್ಲ ಬೀಗರೇ!” ಡಾಕ್ಟರು ಕುಣಿದೇಬಿಟ್ಟರು. “ಗುಂಡೋ, ಗಾಡಿ ಟೈರೋ?”

ಬೀಗರ ಕಿವಿ ಕೆಂಪಾಯಿತು. ಗುರಿಯ ಕಾಗದದಲ್ಲಿ ಹೊಸ ತೂತು ಕಾಣಲಿಲ್ಲ. ಇನ್ನೊಂದು ತೋಟಾ ತುಂಬಲು ಕೈ ಬೋಲ್ಟಿನ ಕಡೆ ಹೋಯಿತು.

ಸೊಸೆ ಶಿಳ್ಳೆ ಊದಿದಳು. “ಮಾವ, ನಿಲ್ಲಿ! ಬೋಲ್ಟ್ ಮುಟ್ಟಬೇಡಿ. ಬೆರಳು ಹೊರಗೆ. ನಳಿಗೆ ಗುರಿ ಕಡೆಗೇ ಇರಲಿ.”

“ಯಾಕಮ್ಮ? ಸರಿಯಾಗಿ ಈಗಲೇ ತವರು ನೆನಪಾಯ್ತಾ?”

“ಠುಸ್ ಅಂದ್ರೆ ಗುಂಡು ಹೊರಗೆ ಹೋಗಿದೆಯೋ ಇಲ್ವೋ ಗೊತ್ತಿಲ್ಲ. ಒಳಗೇ ಸಿಕ್ಕಿದ್ರೆ, ಮುಂದೆ ಹಾರಿಸೋ ಗುಂಡು ಅದಕ್ಕೆ ಗುದ್ದಿ ನಳಿಗೆ ಸೀಳುತ್ತೆ. ನಿಮ್ಮ ಕೈ ಇರೋದು ಅಲ್ಲೇ.”

“ಗೆಲ್ಲೋ ಹೊತ್ತಿಗೆ ಹೆದರಿಸ್ತೀಯಾ? ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಳ್ಳೋ ಪೈಕಿ ಅಲ್ಲಮ್ಮ ನಾನು.” ಬೆರಳುಗಳು ಬೋಲ್ಟಿನ ಗುಂಡಿಯ ಮೇಲೇ ಇದ್ದವು.

ಆಗ ಡಾಕ್ಟರು ವೃತ್ತಿಧರ್ಮಕ್ಕೆ ಸೋತರು. “ಅದಕ್ಯಾಕೆ ಇಷ್ಟು ರಂಪ? ಬಾಯೊಳಗೆ ಒಂದ್ಸಲ ನೋಡಿದ್ರೆ ಆಯ್ತು,” ಎಂದು ಗೆರೆ ದಾಟಿ, ನಳಿಗೆಯ ಮೂತಿಯ ಕಡೆ ಬಗ್ಗತೊಡಗಿದರು.

“ಅಪ್ಪಾ!” ಆ ಕೂಗಿಗೆ ಚಾವಣಿಯ ಪಾರಿವಾಳಗಳೂ ಜಾಗ ಖಾಲಿ ಮಾಡಿದವು. “ಅದು ಹಲ್ಲಲ್ಲ! ತಡವಾಗಿ ಸಿಡಿಯೋ ತೋಟಾನೂ ಇರುತ್ತೆ. ಹಿಂದಕ್ಕೆ ಬನ್ನಿ. ಸ್ಪರ್ಧೆಯಿಂದಲೂ ಹೊರಗೆ.”

“ನಾನು ನಿನ್ನ ಹೆತ್ತ ಅಪ್ಪ ಕಣೇ!”

“ಗೊತ್ತು. ಅದಕ್ಕೇ ಹಿಂದಕ್ಕೆ ಬನ್ನಿ ಅಂದಿದ್ದು.”

ಬೀಗರ ಮುಖ ಅರಳಿತು. ತಮಗೆ ಬಿದ್ದದ್ದಕ್ಕಿಂತ ದೊಡ್ಡ ಬೈಗುಳ ತವರಿಗೇ ಬಿದ್ದಿತ್ತು. ಇಂಥ ನ್ಯಾಯಾಧೀಶರ ಮಾತು ಕೇಳುವುದರಲ್ಲಿ ಅವಮಾನವೇನೂ ಇಲ್ಲವೆನ್ನಿಸಿ, ಬೋಲ್ಟಿನಿಂದ ಕೈ ತೆಗೆದರು. ನಳಿಗೆಯನ್ನು ಗುರಿಯ ಕಡೆಗೇ ಹಿಡಿದು, ಅವಳು ಸಾಕೆನ್ನುವವರೆಗೂ ಬೊಂಬೆಯಂತೆ ಕೂತರು.

ಆಮೇಲೆ ಅವಳೇ ಬೋಲ್ಟ್ ತೆಗೆದು, ತೋಟಾದ ಖಾಲಿ ಕೋಶ ಹೊರಹಾಕಿ, ನಳಿಗೆಯೊಳಗೆ ಸಲಾಕೆ ಇಳಿಬಿಟ್ಟಳು. ಅದು ಅರ್ಧಕ್ಕೆ ಹೋಗಿ ನಿಂತಿತು. ಗುಂಡು ಅಲ್ಲೇ ಬೀಡುಬಿಟ್ಟಿತ್ತು. ಬೀಗರು ನಳಿಗೆ ಹಿಡಿದಿದ್ದ ತಮ್ಮ ಎಡಗೈಯನ್ನು ಒಮ್ಮೆ ತಿರುಗಿಸಿ ನೋಡಿಕೊಂಡರು.

“ಮಾವ, ತೋಟಾಗಳಿಗೆ ಏನಾದ್ರೂ ಮಾಡಿದ್ರಾ?”

“ಏನಿಲ್ಲಮ್ಮ. ತುಕ್ಕು ಹಿಡೀಬಾರದು ಅಂತ... ಒಂದೊಂದೇ ಹನಿ.”

“ಅದು ಒಳಗಿಳಿದು ಮದ್ದು ನೆನೆದಿದೆ. ತೋಟಾ ಒಣಗಿರಬೇಕು ಮಾವ. ಉಳಿದಿದ್ದೆಲ್ಲ ಇಲ್ಲಿ ಕೊಡಿ.”

“ಬೀಗರೇ,” ದೂರದ ಬೆಂಚಿನಿಂದ ಡಾಕ್ಟರು ಕೂಗಿದರು, “ಮಗಳಿಗೂ ಒಂದು ಹನಿ ಹಾಕಬೇಕಿತ್ತು. ಬಹಳ ಬಿಗಿ!”

“ಹಾಕಿ ನೋಡಿದೀನಿ ಬೀಗರೇ. ಜಾರೋಲ್ಲ.”

ರೈಫಲ್ ರಿಪೇರಿಗೆ ಹೋಯಿತು. ಕಪ್ಪು, ಮೂರನೇ ಸ್ಥಾನದಲ್ಲಿದ್ದ ಔಷಧಿ ಅಂಗಡಿಯವರಿಗೆ ಹೋಯಿತು.