ಉಪ್ಪಿನವಳ ಪಾತ್ರ

"ಆ ಮೀನು ಮಾರೋಳಿಗೆ ಉಪ್ಪಿನವಳ ಪಾತ್ರ ಕೊಟ್ಟಿದೀಯಂತೆ? ಹೇಳು, ನನ್ನ ಮುಖ ನೋಡ್ಕೊಂಡು ಹೇಳು!"

ಇಸ್ಮೆಲಿ ಅಂಟು ಕುದಿಸುವ ಸೌಟನ್ನು ಗಂಡನ ಮೂಗಿನ ಹತ್ತಿರ ಹಿಡಿದು ನಿಂತಿದ್ದಳು. ಸೌಟಿನ ತುದಿಯಿಂದ ಮರಗೆಣಸಿನ ಅಂಟು ಅವನ ಮೊಣಕಾಲ ಮೇಲೆ ತೊಟ್ಟಿಕ್ಕುತ್ತಿತ್ತು. ಅನೆಲೂಸ್ ಅದನ್ನು ಬೆರಳಲ್ಲಿ ಒರೆಸಿ, ತೊಡೆಯ ಮೇಲಿದ್ದ ಕಾಗದದ ಮುಖವಾಡದ ಕೆನ್ನೆಗೆ ಸವರಿದ.

"ಕೊಟ್ಟಿದೀನಿ. ಏನೀಗ?"

"ಏನೀಗ ಅಂತೀಯಾ? ಈ ಅಂಗಳಕ್ಕೆ ಕಾಲಿಟ್ಟಾಗಿಂದ ಆ ಪಾತ್ರ ಯಾರ್ದು?"

"ನಿಂದೇ."

"ಮತ್ತೆ?"

"ಅದಕ್ಕೇ ಜನ ಆಕಳಿಸ್ತಾರೆ."

ಮಾವಿನ ಮರದ ಕೆಳಗೆ ಡೋಲಿನ ಹಗ್ಗ ಬಿಗಿಯುತ್ತಿದ್ದ ಜೊಸಾಫಾ ಕಿಸಕ್ಕನೆ ನಕ್ಕ. ಇಸ್ಮೆಲಿ ಸೌಟನ್ನು ಅವನ ಕಡೆ ತಿರುಗಿಸಿದಳು. "ನೀನೇನೋ ಹಲ್ಲು ಕಿರೀತೀಯಾ? ನಿನ್ನ ಡೋಲಿಗಿಂತ ನಿನ್ನ ಹೊಟ್ಟೇನೇ ಚೆನ್ನಾಗಿ ಸದ್ದು ಮಾಡುತ್ತೆ."

"ಹೊಟ್ಟೆಗೆ ಉಪ್ಪಿಲ್ಲದ ಗಂಜಿ ಹಾಕೋಳು ನೀನೇ ಅಲ್ವಾ ಅಕ್ಕಾ" ಅಂದ ಅವನು.

ಅದು ನಿಜವಾಗಿತ್ತು. ಹೈಟಿಯ ಜಾಕ್ಮೆಲ್ ಊರಿನಲ್ಲಿ ಕಾರ್ನಿವಲ್ ಹಬ್ಬ ಹತ್ತಿರ ಬಂದಂತೆ ಕೇರಿಕೇರಿಗೊಂದು ತಂಡ ಏಳುತ್ತದೆ. ಒಂದು ಕೇರಿಯವರು ರೆಕ್ಕೆ ಕಟ್ಟಿಕೊಳ್ಳುತ್ತಾರೆ, ಇನ್ನೊಂದು ಕೇರಿಯವರು ಮೈಗೆ ಮಸಿ ಬಳಿದು ಹಗ್ಗ ಬೀಸುತ್ತಾರೆ. ಅನೆಲೂಸನದು ಜೊಂಬಿ ತಂಡ. ಅವನ ಅಪ್ಪನ ಕಾಲದಿಂದ ನಡೆದು ಬಂದದ್ದು. ತಾಲೀಮಿನ ದಿನ ಜೊಂಬಿಗಳಾಗಿ ಹಗ್ಗಕ್ಕೆ ಕಟ್ಟಿಸಿಕೊಳ್ಳುವವರು ಉಪ್ಪು ಮುಟ್ಟಬಾರದು. ಯಾರಾದರೂ ಮುಟ್ಟಿದರೆ ಅವತ್ತಿನ ತಾಲೀಮು ಕೆಟ್ಟಂತೆ. ಹಗ್ಗ ಬಿಚ್ಚಿ ಎಲ್ಲರೂ ಮನೆಗೆ. ಉಪ್ಪು ಮುಟ್ಟಿಸಿದ ಕೈ ಮತ್ತೆ ಆ ಅಂಗಳಕ್ಕೆ ಬರಕೂಡದು, ಯಜಮಾನ ಕರೆಯುವವರೆಗೆ.

ಬೇರೆ ದೇಶದ ಸಿನಿಮಾಗಳಲ್ಲಿ ಜೊಂಬಿ ಬಂದು ಕಚ್ಚುತ್ತದಂತೆ. ಅದನ್ನು ಕೇಳಿ ಜೊಸಾಫಾ, "ಕಚ್ಚೋಕೆ ನಮ್ಮ ಬೀದೀಲಿ ನಾಯಿ ಕಮ್ಮಿ ಇದಾವಾ?" ಎಂದಿದ್ದ. ಹೈಟಿಯ ಜೊಂಬಿಗೆ ಅಷ್ಟು ಚೈತನ್ಯವೆಲ್ಲಿ? ಮಂತ್ರವಾದಿ ಸತ್ತವನನ್ನು ಮಣ್ಣಿನಿಂದ ಎಬ್ಬಿಸಿ ಗದ್ದೆಗೆ ಅಟ್ಟುತ್ತಾನೆ. ಅವನಿಗೆ ಹೆಸರಿಲ್ಲ, ನೆನಪಿಲ್ಲ, ಸಂಜೆಯೆಂಬುದಿಲ್ಲ, ದುಡಿಮೆ ಮಾತ್ರ. ಜೊಂಬಿ ಎದುರು ಬಂದರೆ ಯಾರೂ ಹೆದರುವುದಿಲ್ಲ, ತಾವೇ ಜೊಂಬಿಯಾಗಿಬಿಟ್ಟರೆ ಎಂದು ಹೆದರುತ್ತಾರೆ. ನಾಲಿಗೆಗೆ ಉಪ್ಪು ತಾಗಿದರೆ ಮಾತ್ರ ಅವನಿಗೆ ಎಚ್ಚರ.

ತಂಡದ ಆಟವೂ ಅದೇ. ಚಾಟಿ ಹಿಡಿದ ಫ್ರೆಂಚ್ ಒಡೆಯ ಮುಂದೆ, ಮುಖಕ್ಕೆ ಬಿಳಿ ಬಳಿದ ಜೊಂಬಿಗಳ ಸಾಲು ಹಿಂದೆ. ಹಬ್ಬದ ದಿನ ಬುಟ್ಟಿ ಹೊತ್ತ ಉಪ್ಪಿನವಳು ಬಂದು ಸಾಲಿನ ಕೊನೆಯವನ ಬಾಯಿಗೆ ಒಂದು ಚೂರು ಉಪ್ಪುಮೀನು ಇಡುತ್ತಾಳೆ. ಅವನು ಎದ್ದ. ಅವನು ಮುಟ್ಟಿದವನು ಎದ್ದ. ಎಚ್ಚರ ಕಾಡ್ಗಿಚ್ಚಿನ ಹಾಗೆ ಸಾಲು ಹತ್ತಿ, ಒಡೆಯ ಚಾಟಿ ಬಿಸಾಕಿ ಬೀದಿಯುದ್ದ ಓಡುತ್ತಾನೆ. ಒಂದು ಕಾಲದಲ್ಲಿ ಅದನ್ನು ನೋಡಿ ಹೆಂಗಸರು ಕಿರುಚುತ್ತಿದ್ದರು. ಹೋದ ವರ್ಷ ಒಬ್ಬಳೂ ಕಿರುಚಲಿಲ್ಲ. ಹುರಿದ ಬಾಳೆಕಾಯಿ ತಿನ್ನುತ್ತ, "ಇನ್ನೇನು, ಈಗ ಓಡ್ತಾನೆ ನೋಡು" ಎಂದು ಮೊದಲೇ ಹೇಳಿಬಿಟ್ಟರು.

ಅನೆಲೂಸ್ ಅದನ್ನು ನುಂಗಿಕೊಳ್ಳಲಾರದೆ ವರ್ಷವಿಡೀ ಬಿಮ್ಮನೆ ಕೂತಿದ್ದ. ಆಗ ಬಂದವಳು ದ್ಯೂಲಾ.

ಅವಳು ಗಂಡ ಸತ್ತವಳು, ಗಡಿಯಾಚೆ ಕಬ್ಬಿನ ಗದ್ದೆಗಳಲ್ಲಿ ದುಡಿದು ಸೋತು ಊರಿಗೆ ಬಂದು ಉಪ್ಪುಮೀನು ಮಾರುತ್ತಿದ್ದಳು. ನೋಡಲು ಅಂಥ ಚೆಲುವೆಯೇನಲ್ಲ. ಮುಂದಿನ ಹಲ್ಲೊಂದು ಇರಲಿಲ್ಲ, ಮೈಯೆಲ್ಲ ಮೀನಿನ ವಾಸನೆ. ಇಸ್ಮೆಲಿ ಅವಳನ್ನು ಮೊದಲ ದಿನ ನೋಡಿ ನಿಶ್ಚಿಂತಳಾಗಿದ್ದಳು. ಅವಳು ಮಾಡಿದ ತಪ್ಪು ಅದೇ. ಹೆಣ್ಣು ಹೆಣ್ಣಿನ ಮುಖ ನೋಡಿ ಲೆಕ್ಕ ಹಾಕುತ್ತಾಳೆ. ಬಾಯಿಯಿಂದ ಬರುವುದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ದ್ಯೂಲಾ ಬುಟ್ಟಿ ಇಳಿಸಿ ತಾಲೀಮು ನೋಡಿದಳು. ನೋಡಿ, "ಯಜಮಾನ್ರೇ, ಇದು ಫ್ರೆಂಚರ ಕಾಲದಲ್ಲಿ ಮಾತ್ರ ಆಯ್ತಾ? ಆಮೇಲೆ ಯಾರೂ ಜೊಂಬಿ ದುಡಿಸ್ಲೇ ಇಲ್ವಾ?" ಎಂದಳು.

ಅನೆಲೂಸನ ಕತ್ತರಿ ನಿಂತಿತು. "ಆಮೇಲೆ ಅಂದ್ರೆ?"

"ಫ್ರೆಂಚರು ಹೋದ್ಮೇಲೆ ಉತ್ತರದಲ್ಲಿ ನಮ್ಮೋನೇ ಒಬ್ಬ ರಾಜನಾಗಿ ಕೋಟೆ ಕಟ್ಸಿದ್ನಲ್ಲ, ಬೆಟ್ಟದ ನೆತ್ತಿ ಮೇಲೆ. ಆ ಕಲ್ಲು, ಆ ಫಿರಂಗಿ, ಬದುಕಿರೋರು ಹೊತ್ತಿದ್ದು ಅಂತ ನಂಬ್ತೀರಾ?"

"ಅಲ್ಲಿ ಉಪ್ಪೆಲ್ಲಿಂದ ಬರ್ಬೇಕು? ಸಮುದ್ರ ಎಲ್ಲೋ ಕೆಳಗಿದೆ."

ದ್ಯೂಲಾ ಗಲ್ಲ ಕೆರೆದುಕೊಂಡಳು. "ಮಗನ್ನ ಹುಡುಕ್ಕೊಂಡು ಒಬ್ಳು ತಾಯಿ ಬೆಟ್ಟ ಹತ್ತಿರ್ತಾಳೆ. ಸಾಲಲ್ಲಿ ಒಬ್ಬೊಬ್ಬನ ಮುಖಾನೂ ಎತ್ತಿ ಎತ್ತಿ ನೋಡ್ತಾಳೆ. ಸಿಕ್ತಾನೆ. ಅವನ್ಗೆ ಗುರ್ತಿಲ್ಲ. ಅವ್ಳು ಅಳ್ತಾಳೆ. ಕಣ್ಣೀರು ಅವನ ತುಟಿ ಮೇಲೆ ಬೀಳುತ್ತೆ."

ಜೊಸಾಫಾ ಡೋಲು ಬಿಟ್ಟು ಹತ್ತಿರ ಸರಿದ.

"ಆಮೇಲೆ?" ಅಂದ ಅನೆಲೂಸ್.

ಆ ಒಂದು ಮಾತು ಇಸ್ಮೆಲಿಯ ಎದೆಯಲ್ಲಿ ಮುರಿದ ಮುಳ್ಳಾಗಿ ಕೂತಿತು. ಆಮೇಲೆ? ಮದುವೆಯಾದಾಗಿಂದ ಈ ಮನುಷ್ಯ ಅವಳನ್ನು ಏನೇನೋ ಕೇಳಿದ್ದ. ಅಂಟು ಆಯ್ತಾ, ಕಾಗದ ನೆನೆಸಿದ್ಯಾ, ನನ್ನ ಅಂಗಿ ಎಲ್ಲಿ. ಆಮೇಲೆ ಏನಾಯ್ತು ಎಂದು ಒಮ್ಮೆಯೂ ಕೇಳಿರಲಿಲ್ಲ.

ಅಂದಿನಿಂದ ಆ ಇಬ್ಬರದು ಅದೇ ಕೆಲಸ. ಮಧ್ಯಾಹ್ನವಾಯಿತೆಂದರೆ ದ್ಯೂಲಾ ಖಾಲಿ ಬುಟ್ಟಿ ಬೋರಲು ಹಾಕಿ ಕೂರುತ್ತಿದ್ದಳು, ಅನೆಲೂಸ್ ಎದುರಿಗೆ. ಅವನು ಒಂದು ಎಳೆ ಎತ್ತಿದರೆ ಅವಳು ಇನ್ನೊಂದು. ಎದ್ದ ಜೊಂಬಿಗಳು ಫಿರಂಗಿಗಳನ್ನು ರಾಜನ ಅರಮನೆಯ ಕಡೆಗೇ ತಿರುಗಿಸುತ್ತಾರೆ ಎಂದು ಅವನು. ಬೇಡ, ಫಿರಂಗಿ ಬಿಟ್ಟು ಸುಮ್ಮನೆ ಬೆಟ್ಟ ಇಳಿದು ತಂತಮ್ಮ ಊರಿಗೆ ಹೋಗುತ್ತಾರೆ, ರಾಜ ಮೇಲೆ ಒಬ್ಬನೇ ನಿಂತು ಕೂಗುತ್ತಾನೆ ಎಂದು ಅವಳು. "ಅಬ್ಬಾ, ಅಬ್ಬಾ" ಎಂದು ಅವನು ತೊಡೆ ತಟ್ಟಿಕೊಳ್ಳುತ್ತಿದ್ದ. ಅವನ ಮುಖ ಹುಡುಗನ ಮುಖದಂತಾಗುತ್ತಿತ್ತು. ಅವರು ಒಬ್ಬರನ್ನೊಬ್ಬರು ಬೆರಳಿನಿಂದಲೂ ಮುಟ್ಟಲಿಲ್ಲ. ಮುಟ್ಟಿದ್ದರೆ ಒಳ್ಳೆಯದಿತ್ತು. ಜುಟ್ಟು ಹಿಡಿದು ಬೀದಿಗೆ ಎಳೆಯಬಹುದಿತ್ತು. ಇಬ್ಬರು ಕೂತು ಒಂದು ಕಾಲವನ್ನೇ ಕಟ್ಟುತ್ತಿದ್ದರೆ ಯಾವ ಜುಟ್ಟನ್ನು ಹಿಡಿಯುವುದು?

ಈಗ ಪಾತ್ರವೂ ಹೋಯಿತು. ಮೂರು ಕಾಲದ ಜೊಂಬಿಗಳು ಬರಬೇಕಂತೆ ಈ ವರ್ಷ. ಫ್ರೆಂಚರ ಕಾಲ, ರಾಜನ ಕಾಲ, ಅಮೆರಿಕದ ಸಿಪಾಯಿಗಳು ಬಂದು ಕೂತಿದ್ದ ಕಾಲ. ಮೂರಕ್ಕೂ ಉಪ್ಪಿನವಳು ಒಬ್ಬಳೇ, ದ್ಯೂಲಾ. ಮೂರನೆಯ ಕಾಲದ ಕತೆ ಮಾತ್ರ ಇಬ್ಬರಿಗೂ ಇನ್ನೂ ಕೂಡಿಬಂದಿರಲಿಲ್ಲ.

ಇಸ್ಮೆಲಿ ಸೌಟು ಬಿಸಾಕಿ ಒಳಗೆ ಹೋದಳು. ಜಗಳ ಅಲ್ಲಿಗೆ ಮುಗಿಯಿತೆಂದು ಗಂಡಸರು ತಿಳಿದರು.

ಮಾರನೆಯ ತಾಲೀಮಿನ ದಿನ ಅವಳು ಜೋಳದ ಗಂಜಿಗೆ ಎರಡು ಹಿಡಿ ಉಪ್ಪು ಹಾಕಿದಳು. ಹಾಕಿ, ಚೆನ್ನಾಗಿ ತಿರುವಿ, ದ್ಯೂಲಾಳನ್ನು ಕರೆದು, "ಸ್ವಲ್ಪ ಬಡಿಸ್ತೀಯಾ ತಂಗಿ, ನನ್ನ ಸೊಂಟ ಹಿಡ್ಕೊಂಡಿದೆ" ಎಂದಳು. ದ್ಯೂಲಾ ಖುಷಿಯಿಂದ ಬಂದಳು. ಪಾಪ, ಇಸ್ಮೆಲಿ ಅವಳನ್ನು ತಂಗಿ ಎಂದದ್ದು ಅದೇ ಮೊದಲು.

ಮೊದಲ ತುತ್ತಿಗೇ ಜೊಸಾಫಾ ಉಗಿದ. "ಉಪ್ಪು! ಅಯ್ಯೋ ಉಪ್ಪು ಕಣ್ರೋ!"

ಒಬ್ಬೊಬ್ಬರೂ ಬಟ್ಟಲು ಕೆಳಗಿಟ್ಟರು. ಕೆಲವರು ಆಗಲೇ ನುಂಗಿಬಿಟ್ಟಿದ್ದರು. ಇಸ್ಮೆಲಿ ಎದೆ ಬಡಿದುಕೊಂಡಳು. "ನಾನು ಮಾಡಿದಾಗ ಸಪ್ಪೆಯಾಗೇ ಇತ್ತು, ದೇವರಾಣೆ. ಬೆಳಿಗ್ಗೆಯಿಂದ ಉಪ್ಪುಮೀನಲ್ಲಿ ಅದ್ದಿದ ಕೈ. ಆ ಕೈಲಿ ಪಾತ್ರೆ ಮುಟ್ಟಿದ್ರೆ ಇನ್ನೇನಾಗುತ್ತೆ?"

ಮೀನಿನ ಕೈ ತಾಗಿದರೆ ಹಂಡೆ ತುಂಬ ಗಂಜಿ ಉಪ್ಪಾಗುತ್ತದೆಯೇ ಎಂದು ಒಬ್ಬನೂ ಕೇಳಲಿಲ್ಲ. ಕಾರ್ನಿವಲ್ ಹತ್ತಿರವಿದ್ದಾಗ ಗಂಡಸರಿಗೆ ಶಕುನದ ಭಯ ಹೆಚ್ಚು, ಬುದ್ಧಿ ಕಡಿಮೆ. ದ್ಯೂಲಾಳೇ ನಂಬಿಬಿಟ್ಟಳು. ಎರಡೂ ಅಂಗೈ ಮೂಗಿಗೆ ಹಿಡಿದು ನೋಡಿಕೊಂಡಳು. "ತೊಳ್ಕೊಂಡಿದ್ದೆ ಅಕ್ಕಾ. ಎಲ್ಲೋ ಉಗುರಲ್ಲಿ ಉಳಿದಿರ್ಬೇಕು. ತಪ್ಪಾಯ್ತು" ಎಂದು ಬುಟ್ಟಿ ಎತ್ತಿಕೊಂಡು ಹೋದಳು. ಅನೆಲೂಸ್ ಹಂಡೆಯನ್ನೊಮ್ಮೆ ನೋಡಿದ, ಹೆಂಡತಿಯನ್ನೊಮ್ಮೆ ನೋಡಿದ. ಎದ್ದು ಹಗ್ಗ ಬಿಚ್ಚಿದ.

ಇಸ್ಮೆಲಿ ಅಂದು ಹಾಯಾಗಿ ನಿದ್ದೆ ಮಾಡಿದಳು. ಸುಳ್ಳೇಕೆ ಹೇಳಬೇಕು, ಅವಳಿಗೆ ಒಂದಿಷ್ಟೂ ಪಶ್ಚಾತ್ತಾಪವಾಗಲಿಲ್ಲ.

ಆದರೆ ಅಂಗಳ ಮೂಕವಾಯಿತು. ಅನೆಲೂಸ್ ಕಾಗದ ಹರಿದ, ಅಂಟಿಸಿದ, ಒಣಗಲು ಇಟ್ಟ. ಸಿಪಾಯಿಗಳ ಟೋಪಿ ಮಾಡಿದ. ಟೋಪಿಯ ಕೆಳಗಿನ ಕತೆ ಬರಲಿಲ್ಲ. ಇಸ್ಮೆಲಿ ಎರಡು ದಿನ ಕಾದಳು, ಮೂರನೆಯ ಮಧ್ಯಾಹ್ನ ತಾನೇ ಒಂದು ಬುಟ್ಟಿ ಬೋರಲು ಹಾಕಿ ಗಂಡನೆದುರು ಕೂತಳು. ಎದೆ ಹೊಸ ಮದುವಣಗಿತ್ತಿಯ ಹಾಗೆ ಹೊಡೆದುಕೊಳ್ಳುತ್ತಿತ್ತು.

"ಅಮೆರಿಕದೋರ ಕಾಲದ್ದು ನಾನೊಂದು ಹೇಳ್ಲಾ?"

"ಹೂಂ" ಅಂದ ಅವನು. ಕತ್ತರಿ ನಿಲ್ಲಲಿಲ್ಲ.

"ನಮ್ಮಜ್ಜಿ ಆಗ ಚಿಕ್ಕ ಹುಡುಗಿ. ರಸ್ತೆ ಕೆಲಸಕ್ಕೆ ಗಂಡಸರನ್ನ ಹಗ್ಗ ಕಟ್ಟಿ ಎಳ್ಕೊಂಡು ಹೋಗ್ತಿದ್ರಂತೆ ಸಿಪಾಯಿಗಳು. ಅಜ್ಜಿ ಅಲ್ಲಿ ನೀರು ಕೊಡೋಳು. ಆ ಸಾಲಲ್ಲಿ ಜೊಂಬಿಗಳೂ ಇದ್ರು ಅಂತಿಟ್ಕೋ. ಬದುಕಿರೋರೂ ಇದ್ರು. ದುಡಿದು ದುಡಿದು ಯಾರು ಸತ್ತೋರು, ಯಾರು ಬದುಕಿರೋರು ಅಂತ ಯಾರಿಗೂ ಗೊತ್ತಾಗ್ತಿಲ್ಲ. ಅವರಿಗೇ ಗೊತ್ತಾಗ್ತಿಲ್ಲ."

"ಹೂಂ."

"ಅಜ್ಜಿ ನೀರಿಗೆ ಉಪ್ಪು ಹಾಕ್ತಾಳೆ. ಯಾರ್ಯಾರು ಜೊಂಬಿ ಅಂತ ಪರೀಕ್ಷೆ ಮಾಡೋಕೆ. ಎಲ್ರೂ ಕುಡೀತಾರೆ. ಎಲ್ರೂ ತಲೆ ಎತ್ತುತಾರೆ. ಸತ್ತೋರೂ, ಬದುಕಿರೋರೂ. ಸಾಹೇಬ ಬಂದೂಕು ಹಿಡಿದು ನಿಂತಿದಾನೆ. ಗುಂಡು ಯಾರಿಗೆ ಹೊಡೀಬೇಕು, ಯಾರಿಗೆ ಹೊಡೆದ್ರೆ ಸಾಯ್ತಾನೆ, ಅವನಿಗೆ ಗೊತ್ತಿಲ್ಲ…"

ಅವಳು ನಿಲ್ಲಿಸಿದಳು. ಬೇಕೆಂದೇ ನಿಲ್ಲಿಸಿದಳು. ಕೇಳಲಿ ಎಂದು.

ಅನೆಲೂಸ್ ಟೋಪಿಯ ಅಂಚನ್ನು ಬೆಳಕಿಗೆ ಹಿಡಿದು ನೋಡಿದ. "ಅಂಟು ತೆಳುವಾಗಿದೆ ಕಣೇ ಇವತ್ತು" ಅಂದ.

"ಗೌರವ!" ಎಂದು ಆಗ ಬೇಲಿಯ ಆಚೆಯಿಂದ ಕೂಗು ಕೇಳಿತು. ಮನೆಗೆ ಬಂದವರು ಹಾಗೆ ಕೂಗದೆ ಒಳಗೆ ಕಾಲಿಡುವುದಿಲ್ಲ.

"ಮರ್ಯಾದೆ!" ಎಂದು ಅನೆಲೂಸ್ ಥಟ್ಟನೆ ಉತ್ತರ ಕೊಟ್ಟ. ದನಿ ಕೇಳಿಯೇ ಗುರುತು ಹತ್ತಿತ್ತು ಅವನಿಗೆ.

ದ್ಯೂಲಾ ಬೇಲಿಯ ಆಚೆಯೇ ನಿಂತಿದ್ದಳು. ಹುಳಿಕಿತ್ತಳೆಯಿಂದ ಉಜ್ಜಿ ಉಜ್ಜಿ ಅವಳ ಅಂಗೈಗಳು ಸುಲಿದಂತಾಗಿದ್ದವು. ಕ್ಷಮೆ ಕೇಳಲು ಬಂದವಳು ಅದನ್ನು ಮರೆತೇಬಿಟ್ಟಂತೆ ಕಣ್ಣರಳಿಸಿ ಇಸ್ಮೆಲಿಯನ್ನು ನೋಡುತ್ತಿದ್ದಳು.

"ನಿಂತು ಕೇಳಿಸ್ಕೊಂಡೆ ಅಕ್ಕಾ. ನನ್ನ ಮೈ ನೋಡು, ಹೇಗೆ ಜುಮ್ಮಂದಿದೆ. ನಾವಿಬ್ರೂ ಅಷ್ಟು ದಿನ ಹೆಣಗಿದ್ರೂ ಇದು ಹೊಳೀಲಿಲ್ಲ. ಆಮೇಲೆ? ಆಮೇಲೆ ಏನಾಯ್ತು?"

ಇಸ್ಮೆಲಿ ಹಂಬಲಿಸಿದ್ದ ಮಾತು ಬಂದಿತ್ತು. ಬರಬಾರದ ಬಾಯಿಂದ ಬಂದಿತ್ತು.

"ಏನು, ಏನು ಕತೆ?" ಅಂದ ಅನೆಲೂಸ್. ಈಗ ಕತ್ತರಿ ನಿಂತಿತ್ತು. ಅವನು ದ್ಯೂಲಾಳನ್ನೇ ಕೇಳಿದ.

"ನಿಮ್ಮೆದುರಿಗೇ ಹೇಳಿದ್ರಲ್ಲ ಯಜಮಾನ್ರೇ. ಸತ್ತೋರು ಬದುಕಿರೋರು ಎಲ್ರೂ ಒಂದೇ ನೀರು ಕುಡಿದು ಒಟ್ಟಿಗೆ ತಲೆ ಎತ್ತುತಾರೆ, ಸಾಹೇಬಂಗೆ ಯಾರಿಗೆ ಗುಂಡು ಹೊಡೀಬೇಕು ಅಂತ ತಿಳಿಯೋದಿಲ್ಲ."

"ಅಬ್ಬಾ!" ಅವನು ತೊಡೆ ತಟ್ಟಿಕೊಂಡ. "ಬಾ, ಒಳಗೆ ಬಾ. ಕೂತ್ಕೋ."

ಇಸ್ಮೆಲಿಗೆ ಏನಾದರೂ ಒಡೆಯಬೇಕು, ಈಗಲೇ ಒಡೆಯಬೇಕು ಎನ್ನಿಸಿ, "ಗಂಜಿಗೆ ಉಪ್ಪು ಹಾಕಿದ್ದು ನಾನು!" ಎಂದು ಕಿರುಚಿದಳು. "ಕೇಳಿಸ್ತಾ? ನಾನೇ ಹಾಕಿದ್ದು, ಎರಡು ಹಿಡಿ! ಇವಳು ಹಾಳಾಗಿ ಹೋಗ್ಲಿ ಅಂತ!"

ದ್ಯೂಲಾ ತನ್ನ ಅಂಗೈಗಳನ್ನು ನೋಡಿಕೊಂಡಳು.

ಅನೆಲೂಸ್ ಕೈ ಬೀಸಿದ, ನೊಣ ಓಡಿಸುವವನ ಹಾಗೆ. "ಗೊತ್ತು ಬಿಡು. ಅವತ್ತೇ ಗೊತ್ತಾಯ್ತು. ಹಬ್ಬ ಕೆಡಬಾರ್ದು ಅಂತ ಸುಮ್ನಿದ್ದೆ. ಅದಿರ್ಲಿ, ದ್ಯೂಲಾ, ಗುಂಡು ಹೊಡೀತಾನೆ ಅಂತಿಟ್ಕೋ. ಮೊದಲನೇ ಗುಂಡು ಸತ್ತವನಿಗೆ ಬಿದ್ರೆ…"

ಇಸ್ಮೆಲಿ ಕಾದಳು. ಅವನು ಎದ್ದು ಬರುತ್ತಾನೆ, ಬೈಯುತ್ತಾನೆ, ಕೆನ್ನೆಗೊಂದು ಬಿಟ್ಟರೂ ಬಿಟ್ಟಾನು, ತಾನೂ ಸೌಟು ಎತ್ತಿಕೊಳ್ಳಬಹುದು ಎಂದು ಕಾದಳು. ಅವನು ತಿರುಗಲಿಲ್ಲ. ಅವನಿಗೆ ಅವಳೊಂದಿಗೆ ಜಗಳವಾಡಲೂ ಪುರಸೊತ್ತಿರಲಿಲ್ಲ.

"ಇಲ್ಲ ಯಜಮಾನ್ರೇ" ಎಂದು ದ್ಯೂಲಾ ಮೆಲ್ಲಗೆ ಹೇಳುತ್ತಿದ್ದಳು. "ಅಕ್ಕನ್ನೇ ಕೇಳಿ. ಕತೆ ಅವರದ್ದು."

"ಅವಳಿಗೇನು ಗೊತ್ತು" ಅಂದ ಅವನು. "ನೀನು ಹೇಳು."

ಇಸ್ಮೆಲಿ ಹಗ್ಗದ ಮೇಲೆ ಒಣಗುತ್ತಿದ್ದ ತನ್ನ ಎರಡು ಲಂಗಗಳನ್ನು ಎಳೆದುಕೊಂಡು ಮಡಚದೆಯೇ ಕಂಕುಳಿಗೆ ತುರುಕಿದಳು. ಡೋಲು ಹೊತ್ತು ಎದುರು ಬಂದ ಜೊಸಾಫಾ, "ಎಲ್ಲಿಗೆ ಅಕ್ಕಾ, ಈ ಬಿಸಿಲಲ್ಲಿ? ತಾಲೀಮಿಗೆ ಹೊತ್ತಾಯ್ತು" ಅಂದ. ಅವಳು ಅವನನ್ನು ಬಳಸಿ ಹಾದು ಬೇಲಿ ದಾಟಿದಳು. ಇಳಿಜಾರಿನ ಕೆಳಗೆ ಮರಿಗೋ ಊರಿನ ಕಡೆಗೆ ಹೋಗುವ ಬಣ್ಣ ಬಳಿದ ಬಾಡಿಗೆ ಬಂಡಿ ಜನ ತುಂಬಿಸಿಕೊಳ್ಳುತ್ತಿತ್ತು. ಹತ್ತಿ, ಅಂಗಳದ ಕಡೆ ಬೆನ್ನು ಹಾಕಿ ಕೂತಳು.

ಬಂಡಿ ಹೊರಟಿತು. ಅವಳು ತಿರುಗಿ ಬರಲಿಲ್ಲ.